ವೀಣೆಗೆ ಹಲಸು, ಸ್ಪೀಕರ್ ಪೆಟ್ಟಿಗೆಗೆ ಪ್ಲೈವುಡ್

ಕಳೆದ ವರ್ಷ ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ನನ್ನ ವರ್ಕ್‌ಶಾಪಿಗೆ ಬಂದಿದ್ದರು. ಕಾರಿನ ತಲೆಯ ಮೇಲೆ ಎರಡು ತೇಗದ ಹಲಗೆ ಕಟ್ಟಿಕೊಂಡು ತಂದಿದ್ದರು. ಹಳೆಯ ಮನೆ ಬಿಚ್ಚಿಸಿದಾಗ ಉಳಿಸಿಕೊಂಡ ಬಾಗಿಲಂತೆ. ಒಂದೂಕಾಲು ಇಂಚು ದಪ್ಪ. ಅಡುಗೆಮನೆಯ ಹೊಗೆ ಕುಡಿದು ಕಪ್ಪಗಾಗಿತ್ತು, ಉಳಿಯಿಂದ ಒಂದು ಮೂಲೆ ಕೆರೆದು ನೋಡಿದರೆ ಒಳಗೆ ಜೇನಿನ ಬಣ್ಣ.

"ಇದರಲ್ಲೇ ಸ್ಪೀಕರ್ ಮಾಡಿಕೊಡಿ. ನಾನು ಕೇಳೋದು ದೊರೆಸ್ವಾಮಿ ಅಯ್ಯಂಗಾರ್ರ ವೀಣೆ. ಪ್ಲೈವುಡ್ಡಲ್ಲಿ ಎಂಥ ನಾದ ಬರ್ತದೆ ಮಾರಾಯ್ರೇ?"

"ನಾದ ಬರಬಾರದು ಅಂತಲೇ ಪ್ಲೈವುಡ್ ಹಾಕೋದು ಮೇಷ್ಟ್ರೇ" ಅಂದೆ. ಅವರಿಗೆ ಅದು ಹಿಡಿಸಲಿಲ್ಲ. ಕಾಫಿ ತರಿಸಿ ಕೂತು ಮಾತಾಡಬೇಕಾಯಿತು.

ವೀಣೆಯ ಕೊಡಕ್ಕೆ ಹಲಸಿನ ಮರ ಯಾಕೆ? ತಂತಿ ಮೀಟಿದಾಗ ಕೊಡವೂ ಜೊತೆಗೆ ಅದುರಬೇಕು, ಅದುರಿ ತನ್ನದೊಂದು ಬಣ್ಣ ಸೇರಿಸಬೇಕು. ಅಲ್ಲಿ ಮರವೂ ಹಾಡುಗಾರ. ಸ್ಪೀಕರಿನಲ್ಲಿ ಆ ಹಾಡು ಆಗಲೇ ಮುಗಿದು ಧ್ವನಿಮುದ್ರಣದೊಳಗೆ ಕೂತಿದೆ. ಪೆಟ್ಟಿಗೆ ಮತ್ತೆ ದನಿ ಕೂಡಿಸಿದರೆ ವೀಣೆಗೆ ಎರಡನೇ ಕೊಡ ಕಟ್ಟಿದ ಹಾಗೆ. ಅದೂ ವೀಣೆಗೆ ಮಾತ್ರ ಅಲ್ಲ, ಮೃದಂಗಕ್ಕೂ ವಾರ್ತೆ ಓದುವವರ ಗಂಟಲಿಗೂ ಅದೇ ಕೊಡ. ಡ್ರೈವರ್ ಅಂದರೆ ಪೆಟ್ಟಿಗೆಯ ತೂತಿನಲ್ಲಿ ಕೂತು ದನಿ ಹೊರಡಿಸುವ ಭಾಗ. ಅದರ ಕೋನ್ ಮುಂದಕ್ಕೆ ಗಾಳಿ ತಳ್ಳುವ ಹೊತ್ತಿಗೆ ಹಿಂದಿನಿಂದ ಗಾಳಿ ಎಳೆಯುತ್ತದೆ. ಎರಡೂ ಸೇರಿದರೆ ತಗ್ಗಿನ ಸ್ವರಗಳು ಒಂದನ್ನೊಂದು ತಿಂದುಹಾಕುತ್ತವೆ. ಹಿಂದಿನ ದನಿಯನ್ನು ಹಿಡಿದಿಡುವುದೇ ಪೆಟ್ಟಿಗೆಯ ಕೆಲಸ. ಹಿಡಿದಿಡಬೇಕು, ಬಾಯಿ ಬಿಡಬಾರದು.

ಮರದ ಇನ್ನೊಂದು ಗುಣ ಮೇಷ್ಟ್ರಿಗೇ ಚೆನ್ನಾಗಿ ಗೊತ್ತು. ಮಲೆನಾಡಿನ ಬಾಗಿಲು ಆಷಾಢದಲ್ಲಿ ಹಾಕಲು ಬರುವುದಿಲ್ಲ, ಶಿವರಾತ್ರಿಗೆ ಸಂದು ಬಿಡುತ್ತದೆ. ಅಡ್ಡಗಲದಲ್ಲಿ ಹಲಗೆ ಉಬ್ಬಿ ಕುಗ್ಗುತ್ತದೆ, ಉದ್ದದಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತೇಗ ಈ ವಿಷಯದಲ್ಲಿ ಸಾಧು ಮರ. ಆದರೂ ಒಂದಡಿ ಅಗಲಕ್ಕೆ ಒಂದೆರಡು ಮಿಲಿಮೀಟರ್ ಆಡುತ್ತದೆ. ಆರು ಮುಖಕ್ಕೂ ಅಂಟು ಹಾಕಿ ಬಿಗಿದ ಪೆಟ್ಟಿಗೆಗೆ ಆ ಒಂದೆರಡು ಮಿಲಿಮೀಟರ್ ಸಾಕು. ಕೀಲು ಬಿಡುತ್ತದೆ, ಇಲ್ಲವೇ ಹಲಗೆ ಸೀಳುತ್ತದೆ. ಪ್ಲೈವುಡ್ಡಿನಲ್ಲಿ ಒಂದು ಪದರ ಉದ್ದಕ್ಕೆ, ಒಂದು ಅಡ್ಡಕ್ಕೆ. ಒಂದನ್ನೊಂದು ಹಿಡಿದುಕೊಂಡು ಎಲ್ಲೂ ಹೋಗುವುದಿಲ್ಲ. ಮರದ ನುಣ್ಣನೆ ನಾರನ್ನು ಅಂಟಿನಲ್ಲಿ ಒತ್ತಿದ ಹಲಗೆಯಾದ ಎಂಡಿಎಫ್‌ನಲ್ಲಿ ಎಳೆಯ ದಿಕ್ಕೇ ಇಲ್ಲ.

ಎಂಡಿಎಫ್ ಬಗ್ಗೆ ನನಗೆ ಪ್ರೀತಿ ಕಡಿಮೆ. ಎಂಟು–ನಾಲ್ಕಡಿಯ 18 ಮಿ.ಮೀ. ಹಾಳೆ ಸುಮಾರು 40 ಕಿಲೋ ತೂಗುತ್ತದೆ, ಒಬ್ಬರೇ ಎತ್ತಿದರೆ ಸೊಂಟ ಹೋಯಿತು. ಕತ್ತರಿಸಿದರೆ ಏಳುವುದು ಹೊಟ್ಟಲ್ಲ, ಹಿಟ್ಟು. ಅದರ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ, ಒಳ್ಳೆಯ ಮಾಸ್ಕ್ ಇಲ್ಲದೆ ಮುಟ್ಟಬೇಡಿ. ಒದ್ದೆಯಾದರೆ ಹಪ್ಪಳದ ಹಾಗೆ ಉಬ್ಬುತ್ತದೆ. ಆದರೆ ಪೇಂಟ್ ಹೊಡೆಯುವ ಪೆಟ್ಟಿಗೆಗೆ ಅದರಷ್ಟು ನಯ ಬೇರೆ ಯಾವುದಕ್ಕೂ ಇಲ್ಲ, ಅದುರನ್ನು ಅಡಗಿಸುವ ಗುಣವೂ ಅದಕ್ಕೇ ಹೆಚ್ಚು. ಮರದ ಮುಖ ಬೇಕಿದ್ದರೆ ನನ್ನ ಆಯ್ಕೆ 18 ಮಿ.ಮೀ. ಪ್ಲೈ. ಕೊಳ್ಳುವಾಗ ಹಾಳೆಯನ್ನು ಹಲಸಿನ ಹಣ್ಣಿನ ಹಾಗೆ ಬೆರಳ ಗೆಣ್ಣಿನಿಂದ ತಟ್ಟುತ್ತಾ ಹೋಗಿ. ಒಂದೇ ದನಿ ಬರುತ್ತಿದ್ದು ಒಂದು ಕಡೆ ಪೊಳ್ಳೆನಿಸಿದರೆ ಅಲ್ಲಿ ಒಳಪದರದಲ್ಲಿ ಸಂದಿದೆ. ಆ ಸಂದು ಮುಂದೆ ಗುಂಯ್‌ಗುಡುತ್ತದೆ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಕಡೆ ಹೀಗೆ ತಟ್ಟುತ್ತಾ ನಿಂತರೆ ಅಂಗಡಿಯವರು ವಿಚಿತ್ರವಾಗಿ ನೋಡುತ್ತಾರೆ. ನೋಡಲಿ.

ಅಳತೆಗೆ ಬರೋಣ. ಪೆಟ್ಟಿಗೆ ಎಷ್ಟು ದೊಡ್ಡದಿರಬೇಕು ಅನ್ನುವುದು ಕಣ್ಣಂದಾಜಿನ ಮಾತಲ್ಲ, ಡ್ರೈವರ್ ಹೇಳಬೇಕು. ಆಸ್ಟ್ರೇಲಿಯಾದ ನೆವಿಲ್ ಥೀಲ್ 1961ರಲ್ಲಿ ಬರೆದ ಲೇಖನ, ಆಮೇಲೆ 70ರ ದಶಕದಲ್ಲಿ ರಿಚರ್ಡ್ ಸ್ಮಾಲ್ ಅದನ್ನು ಮುಂದುವರಿಸಿದ್ದು, ಇವೆರಡರಿಂದ ಈ ಲೆಕ್ಕ ನಮ್ಮ ಕೈಗೆ ಬಂತು. ಡ್ರೈವರಿನ ಜೊತೆ ಬರುವ ಕಾಗದದಲ್ಲಿ ಕ್ಯೂಟಿಎಸ್ (ಕೋನಿನ ಅದುರಾಟ ಎಷ್ಟು ಬೇಗ ಅಡಗುತ್ತದೆ ಎನ್ನುವುದರ ಅಳತೆ), ವಿಎಎಸ್ (ಕೋನಿನ ಸ್ಪ್ರಿಂಗುತನಕ್ಕೆ ಸಮನಾದ ಗಾಳಿ ಎಷ್ಟು ಲೀಟರ್ ಎಂಬುದು) ಎಂಬ ಎರಡು ಅಂಕಿ ಹುಡುಕಿ. ಮುಚ್ಚಿದ ಪೆಟ್ಟಿಗೆಯಾದರೆ, ಅದರೊಳಗೆ ಕೂತ ಮೇಲೆ ಆ ಅದುರಾಟದ ಅಳತೆ ಮುಟ್ಟಬೇಕಾದ 0.7 ಎಂಬ ಗುರಿಯನ್ನು ಕ್ಯೂಟಿಎಸ್‌ನಿಂದ ಭಾಗಿಸಿ, ಬಂದದ್ದನ್ನು ವರ್ಗ ಮಾಡಿ, ಒಂದು ಕಳೆಯಿರಿ. ವಿಎಎಸ್ ಅನ್ನು ಅದರಿಂದ ಭಾಗಿಸಿ. ಕ್ಯೂಟಿಎಸ್ 0.4, ವಿಎಎಸ್ 25 ಲೀಟರ್ ಇದ್ದರೆ ಉತ್ತರ ಸುಮಾರು 12 ಲೀಟರ್. ಒಳ ಅಳತೆ 18, 22, 31 ಸೆಂ.ಮೀ. ಇಟ್ಟರೆ 12 ಲೀಟರ್ ದಾಟಿ ಸ್ವಲ್ಪ ಉಳಿಯುತ್ತದೆ, ಡ್ರೈವರಿನ ಬೆನ್ನಿಗೂ ಒಳಗಿನ ಪಟ್ಟಿಗೂ ಆ ಜಾಗ ಬೇಕು. ಮೂರೂ ಅಳತೆ ಒಂದೇ ಇರಬಾರದು. ಘನಾಕೃತಿಯ ಡಬ್ಬಿಯಲ್ಲಿ ಮೂರು ದಿಕ್ಕಿನ ಪ್ರತಿಧ್ವನಿಯೂ ಒಂದೇ ಸ್ವರದಲ್ಲಿ ಬಂದು ಕೂತು, ಆ ಸ್ವರ ಮಾತ್ರ ಎದ್ದು ಕೇಳುತ್ತದೆ.

ತೂತಿನ ಪೆಟ್ಟಿಗೆ, ಅಂದರೆ ಪೋರ್ಟ್ ಇರುವುದು, ಘಟದ ಸಂಬಂಧಿ. ಘಟ ವಾದಕರು ಮಡಕೆಯ ಬಾಯನ್ನು ಹೊಟ್ಟೆಗೆ ಒತ್ತಿ ಬಿಟ್ಟಾಗ ತಗ್ಗಿನ ದನಿ ಬದಲಾಗುವುದನ್ನು ಕೇಳಿದ್ದೀರಲ್ಲ, ಅದೇ ವಿದ್ಯೆ. 20 ಲೀಟರಿನ ಪೆಟ್ಟಿಗೆಯನ್ನು 45 ಹರ್ಟ್ಜ್‌ಗೆ ಶ್ರುತಿ ಮಾಡಬೇಕೆಂದರೆ 5 ಸೆಂ.ಮೀ. ಒಳವ್ಯಾಸದ ಪೈಪು ಸುಮಾರು 11 ಸೆಂ.ಮೀ. ಉದ್ದ ಬೇಕು. ಪೈಪನ್ನು ಮೊದಲು ಉದ್ದವಾಗಿಯೇ ಇಟ್ಟು, ಕೇಳುತ್ತಾ ಕತ್ತರಿಸಿ. ಮೊದಲ ಸಲ ಮಾಡುವವರಿಗೆ ನಾನು ಮುಚ್ಚಿದ್ದನ್ನೇ ಹೇಳುತ್ತೇನೆ, ಅದರಲ್ಲಿ ತಪ್ಪಿದರೂ ಕ್ಷಮೆ ಇದೆ.

ಗೋಡೆ ಅದುರದಂತೆ ಮಾಡುವುದಕ್ಕೆ ಎರಡು ದಾರಿ. ಒಂದು, ದಪ್ಪ ಮಾಡಿ ಒಳಗೆ ಅಡ್ಡಪಟ್ಟಿ ಕೊಡುವುದು. ದಪ್ಪ ಎರಡರಷ್ಟಾದರೆ ಗಡಸು ಎಂಟರಷ್ಟು. ಅಡ್ಡಪಟ್ಟಿ ಅಂದರೆ ವೀಣೆಯ ಮೆಟ್ಟಿಲ ಮೇಲೆ ಬೆರಳಿಟ್ಟ ಹಾಗೆ, ಅದುರುವ ಉದ್ದ ಕಮ್ಮಿಯಾಗಿ ಸ್ವರ ಮೇಲಕ್ಕೆ ಹೋಗುತ್ತದೆ. ಅಲ್ಲಿ ಅದರ ಹಾವಳಿ ಕಡಿಮೆ. ಪಟ್ಟಿಯನ್ನು ನಟ್ಟನಡುವೆ ಇಡಬೇಡಿ. ಎರಡೂ ಭಾಗ ಸಮನಾದರೆ ಎರಡೂ ಒಂದೇ ಸ್ವರ ಹಿಡಿಯುತ್ತವೆ. ಇನ್ನೊಂದು ದಾರಿ ಬಿಬಿಸಿಯವರದು. ತೆಳು ಬರ್ಚ್ ಪ್ಲೈ ಗೋಡೆ, ಒಳಮೈಗೆ ಡಾಂಬರಿನಂಥ ಮಂದ ಹಾಳೆ. 70ರ ದಶಕದಲ್ಲಿ ಅವರು ಹೊರಗಿನ ಪ್ರಸಾರದ ವ್ಯಾನುಗಳಲ್ಲಿ ಬಳಸಲು ರೂಪಿಸಿದ ಎಲ್‌ಎಸ್3/5ಎ ಎಂಬ ಪುಟ್ಟ ಪೆಟ್ಟಿಗೆ ಹಾಗೆಯೇ ಕಟ್ಟಿದ್ದು. ಮನುಷ್ಯರ ಮಾತನ್ನು ಅದರಷ್ಟು ಸಹಜವಾಗಿ ಕೇಳಿಸುವ ಪೆಟ್ಟಿಗೆ ಕಡಿಮೆ. ಆ ಹಾಳೆ ನಮಗೂ ಸಿಗುತ್ತದೆ. ಕಾರಿನ ಬಾಗಿಲಿಗೆ ಅಂಟಿಸುತ್ತಾರಲ್ಲ, ಅದೇ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಿ.

ಕತ್ತರಿಸುವುದನ್ನು ಅಂಗಡಿಯ ಯಂತ್ರದಲ್ಲೇ ಮಾಡಿಸಿ. ಒಂದೇ ಅಳತೆಯ ತುಂಡುಗಳನ್ನೆಲ್ಲ ಗರಗಸದ ಒಂದೇ ಸೆಟ್ಟಿಂಗಿನಲ್ಲಿ ಕತ್ತರಿಸಲು ಹೇಳಿ. ಅರ್ಧ ಮಿಲಿಮೀಟರ್ ಎಲ್ಲದರಲ್ಲೂ ತಪ್ಪಿದರೆ ತೊಂದರೆಯಿಲ್ಲ, ಒಂದರಲ್ಲಿ ತಪ್ಪಿದರೆ ಪೆಟ್ಟಿಗೆ ಸೊಟ್ಟ. ಅಂಟು ಮಾಮೂಲಿ ಫೆವಿಕಾಲ್ ಸಾಕು. ಕ್ಲಾಂಪ್ ಇಲ್ಲದಿದ್ದರೆ ಹಳೆಯ ಸೈಕಲ್ ಟ್ಯೂಬನ್ನು ಉದ್ದಕ್ಕೆ ಸೀಳಿ, ಎಳೆದು ಎಳೆದು ಸುತ್ತಿ. ನಾಲ್ಕೂ ಕಡೆಯಿಂದ ಒಂದೇ ಸಮ ಬಿಗಿಯುತ್ತದೆ. ಅಂಟು ಹಸಿಯಿರುವಾಗಲೇ ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಅಳೆದು ನೋಡಿ, ಸಮ ಬರದಿದ್ದರೆ ಉದ್ದ ಇರುವ ಕಡೆ ಗುದ್ದಿ. ಹೊರಬಂದ ಅಂಟನ್ನು ತಕ್ಷಣ ಒದ್ದೆ ಬಟ್ಟೆಯಲ್ಲಿ ಒರೆಸಿ. ಉಳಿದ ಒಂದು ಬೆರಳಚ್ಚಿನಷ್ಟು ಅಂಟು ಪಾಲಿಶ್ ಹಾಕಿದ ದಿನ ಬಿಳಿ ಮಚ್ಚೆಯಾಗಿ ಎದ್ದು ಕೂರುತ್ತದೆ.

ಡ್ರೈವರ್ ಕೂರಿಸುವ ದುಂಡು ತೂತಿಗೆ ಒಂದು ಕ್ರಮವಿದೆ. ಅಂಚು ಕೂರುವ ತಗ್ಗನ್ನು ರೂಟರಿನಲ್ಲಿ, ಅಂದರೆ ಮರ ಕೊರೆಯುವ ಯಂತ್ರದಲ್ಲಿ, ಮೊದಲು ತೆಗೆಯಬೇಕು, ಆರಪಾರ ತೂತು ಆಮೇಲೆ. ತಿರುವುಮುರುವು ಮಾಡಿದರೆ ರೂಟರ್ ಸುತ್ತು ಹಾಕುವ ನಡುವಿನ ಮೊಳೆಯೇ ಬಿದ್ದುಹೋಗಿ, ತಿರುಗಿಸಲು ಆಧಾರ ಇರುವುದಿಲ್ಲ. ವ್ಯಾಸವನ್ನು ಕಾಗದ ನಂಬದೆ ಕ್ಯಾಲಿಪರಿನಲ್ಲಿ ನೀವೇ ಅಳೆಯಿರಿ. ಪಾಲಿಶಿನ ಪದರಕ್ಕೆಂದು ಅರ್ಧ ಮಿಲಿಮೀಟರ್ ಸಡಿಲ ಬಿಡಿ.

ಸೋರಿಕೆ ನೋಡಲು ಊದುಬತ್ತಿ ಸಾಕು. ಮೊಬೈಲಿನಿಂದ 25 ಹರ್ಟ್ಜ್ ಆಸುಪಾಸಿನ ಸ್ವರವನ್ನು ಮೆಲ್ಲಗೆ ಹಾಕಿ, ಕೀಲುಗಳ ಉದ್ದಕ್ಕೂ ಊದುಬತ್ತಿ ಸರಿಸುತ್ತಾ ಹೋಗಿ. ಹೊಗೆ ನೆಟ್ಟಗೆ ಏಳುತ್ತಿದ್ದದ್ದು ಒಂದು ಕಡೆ ನಡುಗಿದರೆ ಸೋರಿಕೆ ಅಲ್ಲೇ. ಹಿಂದಿನ ವೈರು ಕೂರಿಸುವ ಟರ್ಮಿನಲ್ ಬಳಿಯೇ ಹೆಚ್ಚಾಗಿ ಸಿಕ್ಕಿಬೀಳುತ್ತದೆ. ಒಳಗೆ ತುಂಬಲು ದಿಂಬಿನ ಪಾಲಿಯೆಸ್ಟರ್ ಹತ್ತಿ ಆದೀತು.

ಇನ್ನು ಫಿನಿಶಿಂಗ್. ಅರ್ಧ ಕೆಲಸ ಇಲ್ಲೇ ಇದೆ, ತಾಳ್ಮೆ ಮುಗಿಯುವುದೂ ಇಲ್ಲೇ. ವೆನೀರ್ ಅಂದರೆ ಅರ್ಧ ಮಿ.ಮೀ. ದಪ್ಪದ ಮರದ ಹಾಳೆ. ಪೆಟ್ಟಿಗೆಗೂ ವೆನೀರಿನ ಬೆನ್ನಿಗೂ ತೆಳ್ಳಗೆ ಫೆವಿಕಾಲ್ ಬಳಿದು, ಒಣಗಿಸಿ, ಕೂರಿಸಿ, ಮೇಲೆ ಬಟ್ಟೆ ಹಾಸಿ ಇಸ್ತ್ರಿಪೆಟ್ಟಿಗೆ ಎಳೆಯುವುದು ನನಗೆ ಒಗ್ಗಿದ ವಿಧಾನ. ಬಿಸಿಗೆ ಅಂಟು ಕರಗಿ ಹಿಡಿಯುತ್ತದೆ. ಉಗುರಿನಿಂದ ತಟ್ಟಿ ನೋಡಿ, ಟೊಳ್ಳು ಅನಿಸಿದಲ್ಲಿ ಮತ್ತೊಮ್ಮೆ ಇಸ್ತ್ರಿ. ಉಜ್ಜುವಾಗ ಮರದ ಎಳೆಯ ದಿಕ್ಕಿನಲ್ಲೇ, 180 ನಂಬರಿನ ಉಜ್ಜುಕಾಗದದಿಂದ ಶುರು ಮಾಡಿ 320ರವರೆಗೆ. ಅಂಚಿನಲ್ಲಿ ಕೈ ಹಗುರ. ಅರ್ಧ ಮಿ.ಮೀ. ಅಂದರೆ ಎರಡು ಎಳೆತ ಹೆಚ್ಚಾದರೂ ಕೆಳಗಿನ ಪ್ಲೈ ಇಣುಕುತ್ತದೆ.

ಎಂಡಿಎಫ್‌ಗೆ ಪೇಂಟ್ ಹೊಡೆಯುವವರಿಗೆ ಒಂದೇ ಮಾತು: ಕತ್ತರಿಸಿದ ಅಂಚು ಬಣ್ಣವನ್ನು ಬ್ಲಾಟಿಂಗ್ ಪೇಪರಿನಂತೆ ಕುಡಿಯುತ್ತದೆ. ಮೊದಲು ಸೀಲರ್ ಕುಡಿಸಿ, ಉಜ್ಜಿ, ಮತ್ತೆ ಕುಡಿಸಿ.

ಪಾಲಿಶಿನಲ್ಲಿ ನನ್ನ ಒಲವು ಅರಗಿನ ಕಡೆ. ನಮ್ಮ ಚನ್ನಪಟ್ಟಣದವರು ಹಾಲೆಮರದ ಬೊಂಬೆಗೆ ಹಚ್ಚಿ ಕೇದಗೆ ಗರಿಯಿಂದ ಮಿರುಗಿಸುವ ಅದೇ ಅರಗು. ನಾವು ಅದನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಬಟ್ಟೆಯ ಉಂಡೆಯಿಂದ ತೀಡುತ್ತೇವೆ, ಫ್ರೆಂಚ್ ಪಾಲಿಶ್ ಅನ್ನುವುದು ಇದಕ್ಕೇ. ಗೀರು ಬಿದ್ದರೆ ಮತ್ತೆ ತೀಡಿದರಾಯಿತು. ಆದರೆ ಪೆಟ್ಟಿಗೆಯ ಮೇಲೆ ಬಿಸಿ ಕಾಫಿ ಲೋಟ ಇಡುವವರ ಮನೆಗೆ ಅದು ಆಗದು, ಬಿಳಿ ಬಳೆ ಮೂಡುತ್ತದೆ. ಅಂಥವರಿಗೆ ಮೆಲಮೈನ್ ಇಲ್ಲವೇ ಪಿಯು (ಪಾಲಿಯುರೆಥೇನ್) ಪಾಲಿಶ್. ಯಾವುದಾದರೂ ಸರಿ, ಮಳೆ ಹಿಡಿದ ದಿನ ಸ್ಪ್ರೇ ಮಾಡಬೇಡಿ. ತೇವ ಪದರದೊಳಗೆ ಸಿಕ್ಕಿಕೊಂಡು ಮಂಜು ಕವಿದ ಕನ್ನಡಿಯಂತಾಗುತ್ತದೆ.

ನನ್ನದೇ ಒಂದು ದಡ್ಡತನವನ್ನೂ ಹೇಳಿಬಿಡುತ್ತೇನೆ. ಹೊಸದರಲ್ಲಿ, ಕೊಡುವ ದಿನ ಬೆಳಿಗ್ಗೆ, ಪಾಲಿಶ್ ತುಸು ಹೆಚ್ಚು ಹೊಳೆಯುತ್ತಿದೆ ಅನಿಸಿತು. ಡ್ರೈವರ್ ಆಗಲೇ ಕೂರಿಸಿಯಾಗಿತ್ತು. ಬಿಚ್ಚುವವರು ಯಾರು ಅಂತ ಹಾಗೆಯೇ ಸ್ಟೀಲ್ ವುಲ್‌ನಿಂದ ಹದವಾಗಿ ಉಜ್ಜಿದೆ. ಸಂಜೆ ಹಾಡು ಹಾಕಿದರೆ ವೂಫರಿನಿಂದ, ಅಂದರೆ ತಗ್ಗಿನ ಸ್ವರದ ಡ್ರೈವರಿನಿಂದ, ಗಂಟಲಲ್ಲಿ ಅಕ್ಕಿಕಾಳು ಸಿಕ್ಕಿದ ಹಾಗೆ ಕರಕರ. ಸ್ಟೀಲ್ ವುಲ್ಲಿನ ಕೂದಲಿನಂಥ ಚೂರುಗಳನ್ನೆಲ್ಲ ಡ್ರೈವರಿನ ಅಯಸ್ಕಾಂತ ಒಳಗೆಳೆದುಕೊಂಡು, ಕೋನ್ ಅಲುಗಿಸುವ ತಂತಿಸುರುಳಿಯ (ಕಾಯಿಲ್) ಸಂದಿಗೆ ತುಂಬಿತ್ತು. ಆ ಸಂದು ಒಂದು ಮಿಲಿಮೀಟರಿನ ಆಸುಪಾಸು, ಒಳಗಿಂದ ತೆಗೆಯಲು ಬರುವುದಿಲ್ಲ. ಎರಡೂ ವೂಫರ್ ನನ್ನ ಖರ್ಚಿನಲ್ಲಿ ಹೊಸದು ತಂದು ಹಾಕಿದೆ. ಈಗ ವರ್ಕ್‌ಶಾಪಿನಲ್ಲಿ ಡ್ರೈವರ್ ಡಬ್ಬಿ ತೆರೆಯುವುದು ಉಜ್ಜುವ ಕೆಲಸವೆಲ್ಲ ಮುಗಿದು ನೆಲ ಗುಡಿಸಿದ ಮೇಲೆ.

ಮೇಷ್ಟ್ರಿಗೆ ಕೊನೆಗೆ ಮಾಡಿದ್ದು ಹೀಗೆ. ಪೆಟ್ಟಿಗೆ 18 ಮಿ.ಮೀ. ಪ್ಲೈ, ಮೇಲೆ ತೇಗದ ವೆನೀರ್. ಅವರ ಬಾಗಿಲಿನಿಂದ ಹೆಬ್ಬೆರಳಗಲದ ಪಟ್ಟಿ ಸೀಳಿ ಮುಂಭಾಗದ ನಾಲ್ಕೂ ಅಂಚಿಗೆ ಕೂರಿಸಿ ದುಂಡಗೆ ಕೆತ್ತಿದೆ. ಅಷ್ಟು ಕಿರಿದು ಪಟ್ಟಿ ಉಬ್ಬಿದರೂ ಎಷ್ಟು ಉಬ್ಬೀತು? ಹಳೆಯ ತೇಗ ಹೊಸ ವೆನೀರಿಗಿಂತ ಒಂದು ಬಣ್ಣ ಗಾಢ, ಚೌಕಟ್ಟು ಕಟ್ಟಿದ ಹಾಗೆ ಕಂಡಿತು. ಅರಗನ್ನೇ ಹಚ್ಚಿದೆ, ಲೋಟ ಇಡುವುದಿಲ್ಲ ಅಂತ ಮಾತು ತೆಗೆದುಕೊಂಡು.

ಹಾಕಿ ಕೇಳಿದರು. ಒಂದು ತಾನ ಮುಗಿಯುವವರೆಗೂ ಮಾತಾಡಲಿಲ್ಲ. ಆಮೇಲೆ ಎದ್ದು ಪೆಟ್ಟಿಗೆಯ ಪಕ್ಕದ ಮೇಲೆ ಅಂಗೈ ಇಟ್ಟು, ಜ್ವರ ನೋಡುವ ಹಾಗೆ ಸ್ವಲ್ಪ ಹೊತ್ತು ನಿಂತರು. "ಅದುರೋದಿಲ್ಲ" ಅಂದರು. ಉಳಿದ ಹಲಗೆಯಲ್ಲಿ ಅಲ್ಲೇ ಕೂತು ಕೇಳಲು ಒಂದು ಮಣೆ ಮಾಡಿಸಿಕೊಂಡರು. ಹಳೆಯ ಚಿಲಕದ ತೂತು ಮುಚ್ಚಬೇಕೇ ಅಂತ ಕೇಳಿದೆ, ಬೇಡ ಅಂದರು.