ಜೋನಿಬೆಲ್ಲ ಉಕ್ಕಿದ್ದು, ಬ್ಯಾಕ್ಟೀರಿಯಾ ಇಂಧನ ಮಾಡಿದ್ದು

ಹೋದ ಮಳೆಗಾಲ ಶಿರಸಿ ಹತ್ರ ನಮ್ಮನೆ ಅಟ್ಟದ ಮೇಲಿದ್ದ ಜೋನಿಬೆಲ್ಲದ ಡಬ್ಬಿ ಮುಚ್ಚಳ ಎತ್ಕೊಂಡು ಉಕ್ಕಿಬಿಡ್ತು, ಎಲ್ಲೋ ನೀರು ತಾಗಿರಬೇಕು, ಆಯಿ ಮೂಸಿ ನೋಡಿ "ತಮಾ, ಬೆಲ್ಲ ಹೆಂಡ ಆಗೋತು" ಅಂದ್ಲು. ಯೀಸ್ಟ್ ಕೆಲಸ ಅದು. ಸಕ್ಕರೆ ತಿಂದು ಎಥನಾಲ್ ಮತ್ತೆ ಕಾರ್ಬನ್ ಡೈಆಕ್ಸೈಡ್ ಬಿಡುತ್ತೆ, ಮುಚ್ಚಳ ಎತ್ತಿದ್ದು ಆ ಗ್ಯಾಸು. ಬಂಕಲ್ಲಿ ಪೆಟ್ರೋಲಿಗೆ ಬೆರೆಸ್ತಾರಲ್ಲ, ಅದೂ ಇದೇ ಎಥನಾಲ್.

ಆದ್ರೆ ಒಂದು ಲೀಟರ್ ಎಥನಾಲಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಷ್ಟೇ ಶಕ್ತಿ, ಮೇಲಿಂದ ನೀರು ಬೇರೆ ಎಳ್ಕೊಳ್ಳುತ್ತೆ, ನಮ್ಮ ಕಡೆ ಮಳೆಗಾಲದ ಥಂಡಿ ಗೊತ್ತಲ್ಲ. ಐಸೊಬ್ಯುಟನಾಲ್ ಅನ್ನೋ ಇನ್ನೊಂದು ಆಲ್ಕೋಹಾಲಿಗೆ ಪೆಟ್ರೋಲಿನ ಶೇಕಡಾ 80ಕ್ಕೂ ಹೆಚ್ಚು ಶಕ್ತಿ ಇದೆ, ನೀರಿನ ಜೊತೆ ಅಷ್ಟಾಗಿ ಬೆರೆಯೋದೂ ಇಲ್ಲ. ಅದನ್ನ ರಾಶಿಗಟ್ಟಲೆ ಮಾಡಿಕೊಡೋ ಜೀವಿ ಮಾತ್ರ ಪ್ರಕೃತೀಲಿ ಸಿಗಲ್ಲ.

2008ರಲ್ಲಿ ಲಾಸ್ ಏಂಜಲಿಸ್‌ನ ಕ್ಯಾಲಿಫೋರ್ನಿಯಾ ಯೂನಿವರ್ಸಿಟೀಲಿ ಜೇಮ್ಸ್ ಲಿಯಾವ್ ತಂಡ ಇದಕ್ಕೆ ಇ. ಕೊಲೈ ಹಿಡೀತು, ನಮ್ಮ ಕರುಳಲ್ಲೇ ಇರೋ ಬ್ಯಾಕ್ಟೀರಿಯಾ. ಅದು ಪ್ರೋಟೀನಿಗೆ ಬೇಕು ಅಂತ ವ್ಯಾಲಿನ್ ಅನ್ನೋ ಅಮೈನೋ ಆಮ್ಲ ಮಾಡ್ಕೊಳ್ಳುತ್ತೆ, ಆ ದಾರಿ ಮಧ್ಯೆ ಒಂದು ಕೀಟೋ ಆಮ್ಲ ಹುಟ್ಟುತ್ತೆ. ಇವರು ಅಲ್ಲೇ ಕೈ ಹಾಕಿದ್ದು. ತೋಟದ ಕಾಲುವೆಗೆ ಮಣ್ಣು ಕಟ್ಟಿ ನೀರನ್ನ ಬೇರೆ ಸಾಲಿಗೆ ತಿರುಗಿಸ್ತೀವಲ್ಲ ಹಾಗೆ, ಎರಡು ಜೀನ್ ಹೊರಗಿಂದ ತಂದು ಕೂರಿಸಿದ್ರು. ಒಂದೊಂದು ಜೀನೂ ಒಂದೊಂದು ಕಿಣ್ವ, ಅಂದ್ರೆ ರಾಸಾಯನಿಕ ಕ್ರಿಯೆ ನಡೆಸೋ ಪ್ರೋಟೀನ್, ಮಾಡಿಸುತ್ತೆ. ಒಂದರ ಕಿಣ್ವ ಕೀಟೋ ಆಮ್ಲದಿಂದ ಕಾರ್ಬನ್ ಡೈಆಕ್ಸೈಡ್ ಕಿತ್ತು ಆಲ್ಡಿಹೈಡ್ ಮಾಡುತ್ತೆ, ಇನ್ನೊಂದು ಅದನ್ನ ನಮಗೆ ಬೇಕಾದ ಐಸೊಬ್ಯುಟನಾಲ್ ಮಾಡುತ್ತೆ. ಎರಡನೇದು ಬಂದಿದ್ದು ಯೀಸ್ಟಿಂದ, ಆಯಿಯ ಬೆಲ್ಲಾನ ಹಾಳು ಮಾಡಿದ್ದೂ ಅದರ ಕುಲವೇ. ಮೊದಲನೇದು ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್‌ದು, ಅಂದ್ರೆ ಹಾಲು ಹೆಪ್ಪಾಗಿಸೋ ಬ್ಯಾಕ್ಟೀರಿಯಾ! ನಂಗೆ ಈ ಕಥೇಲಿ ಇಷ್ಟ ಆಗಿದ್ದೇ ಇದು, ಸಾಮಾನೆಲ್ಲ ಅಡುಗೆಮನೇದೇ.

ಆಮೇಲೆ ಇ. ಕೊಲೈ ಸಕ್ಕರೇನ ಎಥನಾಲ್, ಲ್ಯಾಕ್ಟಿಕ್ ಆಮ್ಲ ಅಂತ ಪೋಲು ಮಾಡೋ ಜೀನ್‌ಗಳನ್ನ ತೆಗೆದುಹಾಕಿದ್ರು. ಲೀಟರಿಗೆ ಸುಮಾರು 22 ಗ್ರಾಂ ಐಸೊಬ್ಯುಟನಾಲ್ ಬಂತು, ಲೆಕ್ಕದ ಪ್ರಕಾರ ಬರಬಹುದಾದ ಗರಿಷ್ಠದ 86%.

ಇಲ್ಲೊಂದು ಫಜೀತಿ, ಐಸೊಬ್ಯುಟನಾಲ್ ಜಾಸ್ತಿ ಆದ್ರೆ ಅದನ್ನ ಮಾಡಿದ ಬ್ಯಾಕ್ಟೀರಿಯಾಕ್ಕೇ ವಿಷ, ಜೀವಕೋಶದ ಪೊರೆ ಹಾಳಾಗುತ್ತೆ. ಅದಕ್ಕೆ 2011ರಲ್ಲಿ ಅದೇ ತಂಡ ಗ್ಯಾಸ್ ಹಾಯಿಸಿ ಆಲ್ಕೋಹಾಲನ್ನ ಆಗಿಂದಾಗ್ಲೇ ಹೊರಗೆ ತೆಗೀತು, 72 ಗಂಟೇಲಿ ಲೀಟರಿಗೆ 50 ಗ್ರಾಂ ಸಿಕ್ತು.

ಹಾಗಂತ ಆಲೆಮನೆ ಬೆಲ್ಲ ಸುರಿದು ಇಂಧನ ಮಾಡೋಕೆ ಹೋದ್ರೆ ಮನೆ ಮಾರಬೇಕು, ಸಕ್ಕರೆ ರೇಟಿಗೇ ಎಲ್ಲ ಲೆಕ್ಕ ಮಕಾಡೆ. ಅಂಗಳದಲ್ಲಿ ರಾಶಿ ಬಿದ್ದಿರೋ ಅಡಿಕೆ ಸಿಪ್ಪೇಲೂ ಸೆಲ್ಯುಲೋಸ್ ರೂಪದಲ್ಲಿ ಸಕ್ಕರೆ ಇದೆ, ಆದ್ರೆ ಅದು ಲಿಗ್ನಿನ್ (ಗಿಡಕ್ಕೆ ಗಟ್ಟಿತನ ಕೊಡೋ ವಸ್ತು) ಜೊತೆ ಬಿಗಿಯಾಗಿ ಹೆಣೆದುಕೊಂಡಿರುತ್ತೆ, ಬಿಡಿಸೋಕೆ ಆಮ್ಲನೋ ಶಾಖನೋ ಕಿಣ್ವನೋ ಬೇಕು, ಎಲ್ಲಕ್ಕೂ ದುಡ್ಡು. ಸದ್ಯಕ್ಕೆ ನಮ್ಮನೇಲಿ ಆ ಸಿಪ್ಪೆ ಹೋಗೋದು ಬಚ್ಚಲೊಲೆಗೆ.