ಚೀಲದ ಮೇಲೆ ಒಂದು ಬೆಲೆ, ಅಂಗಡಿಯಲ್ಲಿ ಇನ್ನೊಂದು

ಯೂರಿಯಾ ಚೀಲದ ಬೆಲೆ ಬೀದರಿನಲ್ಲೂ ಅಷ್ಟೇ, ಚಾಮರಾಜನಗರದಲ್ಲೂ ಅಷ್ಟೇ. 45 ಕಿಲೋಗೆ 242 ರೂಪಾಯಿ. ಬೇವು ಲೇಪನದ ಖರ್ಚು, ತೆರಿಗೆ ಸೇರಿದರೆ 266 ರೂಪಾಯಿ 50 ಪೈಸೆ. ಆದರೂ ಪ್ರತಿ ಮುಂಗಾರಿನಲ್ಲಿ ಬೆಂಗಳೂರಿಗೆ ಬರುವ ಜಿಲ್ಲಾ ಸುದ್ದಿಗಳಲ್ಲಿ ಒಂದೊಂದು ಊರಿನದು ಒಂದೊಂದು ದರ. ವಿಧಾನಸೌಧದಲ್ಲಿ ಒಬ್ಬರು ದಾಸ್ತಾನು ಸಾಕಷ್ಟಿದೆ ಎನ್ನುತ್ತಾರೆ, ಇನ್ನೊಬ್ಬರು ದೆಹಲಿಯತ್ತ ಬೊಟ್ಟು ಮಾಡುತ್ತಾರೆ, ದೆಹಲಿಯಿಂದ ಅಂಕಿಅಂಶಗಳ ಪಟ್ಟಿ ಬರುತ್ತದೆ. ಮೂವರ ಲೆಕ್ಕವೂ ಅವರವರ ಮಟ್ಟಿಗೆ ಸರಿಯಾಗಿಯೇ ಇರುತ್ತದೆ ಎಂಬುದೇ ತಮಾಷೆ.

ಹಳೆಯ ಕಥೆಯನ್ನು ಬೇಗ ಮುಗಿಸಬಹುದು. 1957ರಲ್ಲಿ ರಸಗೊಬ್ಬರ ನಿಯಂತ್ರಣ ಆದೇಶ ಬಂತು, ಹಿಂದೆಯೇ ಹಸಿರು ಕ್ರಾಂತಿ. 1970ರ ದಶಕದಲ್ಲಿ ಮಂಗಳೂರಿನ ಪಣಂಬೂರಿನಲ್ಲಿ ಯೂರಿಯಾ ತಯಾರಾಗತೊಡಗಿತು. 1977ರಿಂದ ಕಾರ್ಖಾನೆಗೆ ತಗಲುವ ಖರ್ಚು ಒಂದು, ರೈತ ಕೊಡುವ ಬೆಲೆ ಇನ್ನೊಂದು, ನಡುವಿನ ಅಂತರ ಸರ್ಕಾರದ್ದು ಎಂಬ ಏರ್ಪಾಡು ನೆಲೆಯಾಯಿತು. 1992ರ ಆಗಸ್ಟ್‌ನಲ್ಲಿ ರಂಜಕ ಮತ್ತು ಪೊಟ್ಯಾಷ್ ಗೊಬ್ಬರಗಳನ್ನು ಬೆಲೆ ನಿಯಂತ್ರಣದಿಂದ ಬಿಟ್ಟರು, ಯೂರಿಯಾವನ್ನು ಮುಟ್ಟಲಿಲ್ಲ. ಸಿಕ್ಕು ಬಿದ್ದದ್ದು ಅಲ್ಲಿಂದ.

ಆ ಸಿಕ್ಕು ಬಿಗಿಯಾದದ್ದು 2010ರಲ್ಲಿ. ಆ ವರ್ಷದ ಏಪ್ರಿಲ್‌ನಿಂದ ಪೋಷಕಾಂಶ ಆಧಾರಿತ ಸಹಾಯಧನ ಜಾರಿಯಾಯಿತು. ರಂಜಕ ಹೆಚ್ಚಿರುವ ಡಿಎಪಿ, ಪೊಟ್ಯಾಷ್, ಹಲವು ಪೋಷಕಾಂಶ ಬೆರೆಸಿದ ಕಾಂಪ್ಲೆಕ್ಸ್ ಗೊಬ್ಬರಗಳಲ್ಲಿರುವ ಪೋಷಕಾಂಶದ ಪ್ರತಿ ಕಿಲೋಗೆ ಇಷ್ಟು ಎಂದು ಸರ್ಕಾರ ಕೊಡುತ್ತದೆ, ಮಾರುವ ಬೆಲೆಯನ್ನು ಕಂಪನಿಯೇ ನಿಗದಿ ಮಾಡುತ್ತದೆ. ಕಾಗದದ ಮೇಲೆ ಇದು ಒಪ್ಪುವಂಥ ಮಾತು. ಆದರೆ ಯೂರಿಯಾ ಮತ್ತೆ ಹೊರಗುಳಿಯಿತು. ಅದರ ಬೆಲೆ 2012ರ ನವೆಂಬರ್‌ನಲ್ಲಿ ಟನ್ನಿಗೆ 5360 ರೂಪಾಯಿಗೆ ಬಂದು ನಿಂತದ್ದು ಇಂದಿಗೂ ಅಲ್ಲೇ ಇದೆ. ಆ ಅವಧಿಯಲ್ಲಿ ಚಹಾದ ಬೆಲೆ ಎಷ್ಟು ಸಲ ಏರಿತು ಎಂದು ಯಾರೂ ಎಣಿಸಿಟ್ಟಿಲ್ಲ.

ಇದರ ಪರಿಣಾಮವನ್ನು ಚೀಲದ ಲೆಕ್ಕದಲ್ಲಿ ನೋಡಿದರೆ ತಿಳಿಯುವುದಿಲ್ಲ, ಒಳಗಿನ ಸತ್ವದ ಲೆಕ್ಕದಲ್ಲಿ ನೋಡಬೇಕು. ಯೂರಿಯಾದಲ್ಲಿ ನೂರಕ್ಕೆ 46 ಪಾಲು ಸಾರಜನಕ, ಪೊಟ್ಯಾಷ್ ಗೊಬ್ಬರದಲ್ಲಿ ನೂರಕ್ಕೆ 60 ಪಾಲು ಪೊಟ್ಯಾಷ್. 2010ಕ್ಕೆ ಮೊದಲು ಯೂರಿಯಾ ಟನ್ನಿಗೆ 4830 ರೂಪಾಯಿ, ಪೊಟ್ಯಾಷ್ 4455. ಅಂದರೆ ಒಂದು ಕಿಲೋ ಸಾರಜನಕ ಹತ್ತೂವರೆ ರೂಪಾಯಿ, ಒಂದು ಕಿಲೋ ಪೊಟ್ಯಾಷ್ ಏಳೂವರೆಗೂ ಕಡಿಮೆ. 2022ರಲ್ಲಿ 50 ಕಿಲೋದ ಪೊಟ್ಯಾಷ್ ಚೀಲ 1700 ರೂಪಾಯಿಗೆ ಏರಿದಾಗ ಅದೇ ಲೆಕ್ಕ ಹಾಕಿದರೆ ಕಿಲೋಗೆ ಸುಮಾರು 57 ರೂಪಾಯಿ. ಸಾರಜನಕ ಮಾತ್ರ, ತೆರಿಗೆ ಸೇರಿದರೂ, ಹದಿಮೂರು ರೂಪಾಯಿಯ ಒಳಗೇ. ಅಗ್ಗದ್ದನ್ನು ಹೆಚ್ಚು ಚೆಲ್ಲಿದ ರೈತನಿಗೆ ಮಣ್ಣಿನ ಆರೋಗ್ಯದ ಪಾಠ ಹೇಳುವವರು ಈ ಎರಡು ಸಂಖ್ಯೆಗಳನ್ನೂ ಜೊತೆಗಿಟ್ಟುಕೊಂಡು ಹೊರಟರೆ ಚೆನ್ನ.

ಡಿಎಪಿಯ ದಾರಿ ಬೇರೆ. 2021ರಲ್ಲಿ 1200 ರೂಪಾಯಿಯ ಚೀಲ 1900ಕ್ಕೆ ಹಾರಿದಾಗ ಗದ್ದಲವೆದ್ದು, ಮೇ ತಿಂಗಳಲ್ಲಿ ಸಹಾಯಧನವನ್ನು ಚೀಲಕ್ಕೆ 500ರಿಂದ 1200 ರೂಪಾಯಿಗೆ ಏರಿಸಿ ಹಳೆಯ ಬೆಲೆಗೇ ಇಳಿಸಲಾಯಿತು. ಮರುವರ್ಷ 1350. ಹೆಸರಿಗೆ ಬೆಲೆ ಮುಕ್ತ, ನಡೆಯುವುದು ಸರ್ಕಾರದ ಕಣ್ಸನ್ನೆಯಂತೆ.

ಹಾಗಾದರೆ ಊರಿಂದೂರಿಗೆ ದರ ಬದಲಾಗುವುದು ಹೇಗೆ? ಜಿಎಸ್‌ಟಿಗೆ ಮೊದಲು ರಾಜ್ಯಕ್ಕೊಂದು ತೆರಿಗೆ ಇತ್ತು, ಗಡಿ ತಾಲ್ಲೂಕುಗಳಲ್ಲಿ ಆ ವ್ಯತ್ಯಾಸ ಎದ್ದು ಕಾಣುತ್ತಿತ್ತು. 2017ರ ನಂತರ ಎಲ್ಲೆಡೆ ಶೇ 5. ಈಗ ಉಳಿದಿರುವುದು ಸಾಗಣೆ. ರೈಲಿನ ಖರ್ಚನ್ನು ಸರ್ಕಾರ ಭರಿಸುತ್ತದೆ. ರೇಕ್, ಅಂದರೆ ಗೊಬ್ಬರ ತರುವ ಗೂಡ್ಸ್ ರೈಲು, ಬಂದು ನಿಲ್ಲುವ ಊರಿನಿಂದ ಹೋಬಳಿಯ ಅಂಗಡಿಯವರೆಗಿನ ಲಾರಿ ಬಾಡಿಗೆ, ಹಮಾಲಿ ಯಾರ ತಲೆಗೆ ಎಂಬುದು ಕಂಪನಿಗಳಿಗೂ ವರ್ತಕರಿಗೂ ನಡುವೆ ಹಳೆಯ ಜಗ್ಗಾಟ. ಯೂರಿಯಾ ಚೀಲ ಮಾರಿದರೆ ಅಂಗಡಿಯವನಿಗೆ ಸಿಗುವುದು ಹದಿನಾರು ರೂಪಾಯಿ ಆಸುಪಾಸು. ರೇಕ್ ಪಾಯಿಂಟ್ ಪಕ್ಕದ ಅಂಗಡಿಗೆ ಅದು ಸಾಲಬಹುದು, ಐವತ್ತು ಕಿಲೋಮೀಟರ್ ಒಳಗಿನ ಅಂಗಡಿಗೆ ಸಾಲದು.

ಆದ್ದರಿಂದಲೇ ‘ಲಿಂಕ್’ ಎಂಬ ಪದ್ಧತಿ. ರೈತ ಆಧಾರ್ ಸಂಖ್ಯೆ ಹೇಳುತ್ತಾನೆ, ಪಿಒಎಸ್ ಯಂತ್ರದ ಮೇಲೆ ಹೆಬ್ಬೆರಳು ಒತ್ತುತ್ತಾನೆ, ಎರಡು ಚೀಲಕ್ಕೆ 533 ರೂಪಾಯಿಯ ರಸೀದಿ ಹೊರಬರುತ್ತದೆ. ಆಮೇಲೆ ಮೇಜಿನ ಮೇಲೆ ಒಂದು ಜಿಂಕ್ ಪೊಟ್ಟಣವೋ ನ್ಯಾನೊ ಯೂರಿಯಾ ಬಾಟಲಿಯೋ ಬಂದು ಕೂರುತ್ತದೆ. ಬೇಡವೆಂದರೆ ಚೀಲವೂ ಇಲ್ಲ. ಇದನ್ನು ತನಗೆ ಮೇಲಿನಿಂದಲೇ ಹೀಗೆ ಜೋಡಿಸಿ ಕಳಿಸುತ್ತಾರೆ ಎಂದು ಅಂಗಡಿಯವನು ಹೇಳುತ್ತಾನೆ. ಮೇಲಿನವರು ಅಂಥದ್ದೇನೂ ಇಲ್ಲ ಎನ್ನುತ್ತಾರೆ. ರಸೀದಿಯಲ್ಲಿ ಬೆಲೆ ಕಾನೂನಿನಂತೆಯೇ ಇರುತ್ತದೆ.

ಬೆಂಗಳೂರಿನ ಸುತ್ತಲಿನ ಚಿತ್ರ ಇನ್ನೂ ಬೇರೆ. ದೇವನಹಳ್ಳಿಯ ದ್ರಾಕ್ಷಿ, ಕೋಲಾರದ ಟೊಮೆಟೊ, ಹೊಸಕೋಟೆಯ ತರಕಾರಿ ಹನಿ ನೀರಾವರಿಗೆ ಹೊಂದಿಕೊಂಡಿವೆ. ಇಲ್ಲಿನವರ ಬಾಯಲ್ಲಿ 19:19:19, 13:0:45ರಂಥ ನೀರಿನಲ್ಲಿ ಕರಗುವ ಗೊಬ್ಬರಗಳ ಹೆಸರು (ಅಂಕಿಗಳು ಕ್ರಮವಾಗಿ ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾ ಪಾಲು). ಇವುಗಳಲ್ಲಿ ಬಹುಪಾಲು ಆಮದು, ಸಹಾಯಧನ ಇಲ್ಲ. ಚೀನಾ ರಫ್ತು ಬಿಗಿ ಮಾಡಿದರೆ ಚಿಂತಾಮಣಿಯ ಅಂಗಡಿಯಲ್ಲಿ ದರ ಏರುತ್ತದೆ. ಆದರೆ ಇದಕ್ಕಾಗಿ ಯಾರೂ ರಸ್ತೆ ತಡೆ ಮಾಡುವುದಿಲ್ಲ, ಸದನದಲ್ಲಿ ಪ್ರಶ್ನೆ ಬರುವುದೂ ಅಪರೂಪ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಿಗೆ ಪೊಟ್ಯಾಷ್ ಚಿಂತೆ. ಸಿಂಧನೂರು, ಗಂಗಾವತಿಯ ಭತ್ತಕ್ಕೆ ಯೂರಿಯಾ. ‘ರಾಜ್ಯದಲ್ಲಿ ಗೊಬ್ಬರದ ದರ’ ಎಂದು ಒಂದೇ ಸಾಲಿನಲ್ಲಿ ಬರೆಯಲಾಗದಿರುವುದು ಈ ಕಾರಣಕ್ಕೆ.

ಕೊರತೆ ಬಂದಾಗ ದರದ ಮಾತೇ ಹಿಂದೆ ಸರಿಯುತ್ತದೆ. 2008ರ ಜೂನ್‌ನಲ್ಲಿ ಹಾವೇರಿಯಲ್ಲಿ ಗೋಲಿಬಾರ್ ನಡೆದು ಇಬ್ಬರು ರೈತರು ಸತ್ತರು. ಅಂದು ಬೀದಿಗಿಳಿದವರು ಬೆಲೆ ಇಳಿಸಿ ಎಂದಿರಲಿಲ್ಲ, ಗೊಬ್ಬರ ಕೊಡಿ ಎಂದಿದ್ದರು. 2025ರಲ್ಲಿ ಮಳೆ ಮೊದಲೇ ಬಂತು, ಮೆಕ್ಕೆಜೋಳದ ಬಿತ್ತನೆ ಹೆಚ್ಚಿತು, ಸಹಕಾರ ಸಂಘಗಳ ಮುಂದೆ ಮತ್ತೆ ಸಾಲು. ಚೀಲದ ಮೇಲೆ ಅದೇ 266 ರೂಪಾಯಿ 50 ಪೈಸೆ. ಸಾಲಿನಲ್ಲಿ ಕಳೆದ ದಿನದ ಕೂಲಿ, ಊರಿಂದ ಬಂದು ಹೋದ ಬಾಡಿಗೆ ಯಾವ ದರಪಟ್ಟಿಯಲ್ಲೂ ಇಲ್ಲ.

ಯೂರಿಯಾವನ್ನೂ ಪೋಷಕಾಂಶ ಆಧಾರಿತ ಸಹಾಯಧನದ ವ್ಯಾಪ್ತಿಗೆ ತರಬೇಕೆಂದು ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ ಶಿಫಾರಸು ಮಾಡಿದೆ. ತಂದರೆ ಯೂರಿಯಾ ದುಬಾರಿಯಾಗುತ್ತದೆ, ಪೊಟ್ಯಾಷ್ ಸ್ವಲ್ಪ ಅಗ್ಗವಾಗಬಹುದು. ಚುನಾವಣೆ ಇಲ್ಲದ ವರ್ಷ ಈ ದೇಶದಲ್ಲಿ ಇಲ್ಲವಾದ್ದರಿಂದ ಶಿಫಾರಸು ಇನ್ನೂ ಶಿಫಾರಸಾಗಿಯೇ ಉಳಿದಿದೆ.