ಛೇದ ಎಲ್ಲಿ ಹೋಯ್ತು, ತಂಗಿ?

ಶಿರಸಿಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಛೇದ (ಗೆರೆಯ ಕೆಳಗಿನ ಭಾಗ) ಬೇರೆ ಬೇರೆ ಇರುವ ಬೀಜಗಣಿತದ ಭಿನ್ನರಾಶಿ ಕೂಡಿಸುವ ಲೆಕ್ಕ ಬಂತೆಂದರೆ ಪ್ರತಿ ವರ್ಷ ಅದೇ ತಪ್ಪು. ಛೇದಗಳ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಸರಿಯಾಗಿ ತೆಗೆಯುತ್ತಾರೆ, ಗೆರೆಯ ಮೇಲಿನ ಅಂಶವನ್ನೂ ಸರಿಯಾಗಿ ಗುಣಿಸುತ್ತಾರೆ, ಕೊನೆಯ ಸಾಲಿಗೆ ಬರುವಷ್ಟರಲ್ಲಿ ಛೇದವೇ ಮಾಯ! ಲ.ಸಾ.ಅ. ತೆಗೆಯುವುದು ನಿಮಗೆ ಗೊತ್ತು, ಅದನ್ನು ಬಿಡುತ್ತೇನೆ.

ಕಳೆದ ಮಳೆಗಾಲದಲ್ಲಿ ಹತ್ತನೇ ಕ್ಲಾಸಿನ ಹುಡುಗಿಯೊಬ್ಬಳಿಗೆ ಒಂದು ಲೆಕ್ಕ ಕೊಟ್ಟೆ. ಅವಳ ಅಪ್ಪ ಕುಮಟಾಕ್ಕೆ ಟೆಂಪೋ ಓಡಿಸುತ್ತಾರೆ. ಶಿರಸಿಯಿಂದ ಕುಮಟಾ ಹೆಚ್ಚುಕಡಿಮೆ 60 ಕಿಲೋಮೀಟರ್. ಬರುವಾಗ ದೇವಿಮನೆ ಘಟ್ಟ ಹತ್ತಬೇಕು, ಆಗಿನ ವೇಗ ಗಂಟೆಗೆ ಎಕ್ಸ್ ಕಿಲೋಮೀಟರ್ ಇರಲಿ, ಹೋಗುವಾಗ ಅದಕ್ಕಿಂತ 10 ಜಾಸ್ತಿ. ಹೋಗಿ ಬರಲು ಒಟ್ಟು ಎಷ್ಟು ಹೊತ್ತು? 60/ಎಕ್ಸ್ + 60/(ಎಕ್ಸ್+10) ಅಂತ ಚಕಚಕ ಬರೆದಳು. ಮುಂದೆ 60(ಎಕ್ಸ್+10) + 60ಎಕ್ಸ್. ಉತ್ತರ 120ಎಕ್ಸ್+600. ಪೆನ್ನು ಕೆಳಗಿಟ್ಟಳು.

"ತಂಗಿ, ಎಕ್ಸ್ ಜಾಗಕ್ಕೆ 30 ಹಾಕಿ ನೋಡು" ಅಂದೆ. 4200 ಬಂತು. 4200 ಗಂಟೆ ಅಂದರೆ 175 ದಿನ. "ಅಪ್ಪ ಮಧ್ಯಾಹ್ನ ಹೋದ್ರೆ ಸಂಜೆ ಮನೆಗೆ ಬರ್ತಾರಲ್ಲ ಅಕ್ಕೋರೇ!" ಅಂತ ಅವಳೇ ನಕ್ಕಳು. ಬರುವಾಗ 2 ಗಂಟೆ, ಹೋಗುವಾಗ ಒಂದೂವರೆ, ಒಟ್ಟು ಮೂರೂವರೆ. ಅವಳು ಬಿಟ್ಟ ಛೇದ ಎಕ್ಸ್(ಎಕ್ಸ್+10), ಅಂದರೆ 30×40=1200. 4200ನ್ನು 1200ರಿಂದ ಭಾಗಿಸಿದರೆ ಸರಿಯಾಗಿ ಮೂರೂವರೆ.

"ಆದ್ರೆ ಸಮೀಕರಣದಲ್ಲಿ ಛೇದ ತೆಗೀತೀವಲ್ಲ?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ, ಗೊಂದಲ ಇರುವುದೇ ಅಲ್ಲಿ. ಅದೇ ಮೊತ್ತ 7/2ಕ್ಕೆ ಸಮ ಅಂತ ಕೊಟ್ಟಿದ್ದರೆ ಅದಕ್ಕೆ ಎರಡು ಬದಿ ಇವೆ. ಎರಡನ್ನೂ 2ಎಕ್ಸ್(ಎಕ್ಸ್+10)ರಿಂದ ಗುಣಿಸಿದರೆ ಛೇದ ಹೋಗುತ್ತದೆ, ಸಮ ಚಿಹ್ನೆ ಕೆಡುವುದಿಲ್ಲ. ಸುಮ್ನೆ "ಕೂಡಿಸಿ" ಅಂತ ಕೇಳಿದಾಗ ಇನ್ನೊಂದು ಬದಿಯೇ ಇಲ್ಲ. ಅಲ್ಲಿ ಹಾಗೆ ಗುಣಿಸಿದರೆ ಬೆಲೆಯೇ ಬದಲಾಗುತ್ತದೆ, ಅಲ್ವಾ? ಅಲ್ಲಿ ಗುಣಿಸಬಹುದಾದದ್ದು 1ರಿಂದ ಮಾತ್ರ. ಮೊದಲನೆಯದನ್ನು (ಎಕ್ಸ್+10)/(ಎಕ್ಸ್+10)ರಿಂದ, ಎರಡನೆಯದನ್ನು ಎಕ್ಸ್/ಎಕ್ಸ್‌ನಿಂದ. ಎರಡೂ 1 ತಾನೆ. ಅದಕ್ಕೇ ಮೇಲೆ ಗುಣಿಸಿದ್ದು ಕೆಳಗೂ ಇರಬೇಕು, ಕೆಳಗಿದ್ದದ್ದು ಕೊನೆಯ ಸಾಲಿನವರೆಗೂ ಉಳಿಯಬೇಕು: (120ಎಕ್ಸ್+600)/[ಎಕ್ಸ್(ಎಕ್ಸ್+10)].

ಇನ್ನು ಕೆಲವರು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ 120/(2ಎಕ್ಸ್+10) ಬರೆಯುತ್ತಾರೆ. 30 ಹಾಕಿದರೆ ಎರಡು ಗಂಟೆಯೂ ಆಗುವುದಿಲ್ಲ. ಘಟ್ಟ ಹತ್ತಿ ಬರುವುದಕ್ಕೇ 2 ಗಂಟೆ ಬೇಕಲ್ಲ!

ಎಲ್ಲ ಕಡೆ ಹೀಗೇ ಅಂತ ಹೇಳಲಾರೆ. ಆದರೆ ನನ್ನ ಹತ್ತಿರ ಬರುವವರಲ್ಲಿ "ಅಡ್ಡ ಗುಣಿಸು" (ಒಂದರ ಮೇಲಿನದನ್ನು ಇನ್ನೊಂದರ ಕೆಳಗಿನದರಿಂದ ಗುಣಿಸು) ಅನ್ನುವ ಶಾರ್ಟ್‌ಕಟ್ ಬೇಗ ಕಲಿತ ಮಕ್ಕಳೇ ಜಾಸ್ತಿ ಎಡವುತ್ತಾರೆ. ಪಾಲಕರೇ, ದಯವಿಟ್ಟು ಅವಸರ ಮಾಡಬೇಡಿ. ಇನ್ನೊಂದು ಸಾಲು ಬರೆದರೆ ಏನೂ ಹೋಗುವುದಿಲ್ಲ ಮಾರಾಯ್ರೇ.

ಆ ಹುಡುಗಿ ಈಗ ಪ್ರತಿ ಉತ್ತರಕ್ಕೂ ಒಂದು ಸಂಖ್ಯೆ ಹಾಕಿ ನೋಡುತ್ತಾಳೆ. ಮೊನ್ನೆ 1 ಹಾಕಿದ್ದಳು, ಬೇಡ ಅಂದೆ. 1 ಹಾಕಿದರೆ ಎಕ್ಸ್‌ಗೂ ಅದರ ವರ್ಗಕ್ಕೂ ಒಂದೇ ಬೆಲೆ, ತಪ್ಪು ಅಡಗಿ ಕೂರುತ್ತದೆ. 3 ಹಾಕಿ, 5 ಹಾಕಿ, ಛೇದ ಸೊನ್ನೆ ಆಗದ ಹಾಗೆ ನೋಡಿಕೊಳ್ಳಿ.